ಕುಳ್ಳಿಗೆ ಕಡಿಮೆ ಅಂಕ ಕೊಟ್ಟವರಾರು?

ಮುಂಡರಗಿಯಲ್ಲಿ ರಸಾಯನಶಾಸ್ತ್ರ ಕಲಿಸುವ ಮಾಸ್ತರರೊಬ್ಬರು ಮೊನ್ನೆ ನನ್ನೆದುರು ಕುಳ್ಳನ್ನು ಬಾಂಬಿನೊಳಗೆ ಇಟ್ಟು ಸುಟ್ಟರು. ಬಾಂಬ್ ಕ್ಯಾಲರಿಮೀಟರ್ ಎಂಬ ಹೆಸರನ್ನು ಪಿಯುಸಿ ವಿಜ್ಞಾನ ಓದಿದವರು ಕೇಳಿರುತ್ತಾರೆ, ಕಂಡವರು ಕಡಿಮೆ. ನಾನೂ ಚಿತ್ರ ಬರೆದು ಅಂಕ ಗಿಟ್ಟಿಸಿದವನೇ. ನಿಜವಾದದ್ದು ಚಿತ್ರಕ್ಕಿಂತ ಗಿಡ್ಡ, ಎತ್ತಿದರೆ ಕೈ ಸೋಲುವಷ್ಟು ಭಾರ: ದಪ್ಪ ಗೋಡೆಯ ಉಕ್ಕಿನ ಡಬ್ಬಿ, ತಿರುಗಿಸಿ ಬಿಗಿಯುವ ಮುಚ್ಚಳ, ಒಳಗೊಂದು ಪುಟ್ಟ ಬಟ್ಟಲು, ಅದಕ್ಕೆ ಇಳಿಬಿಟ್ಟ ಕೂದಲೆಳೆಯಷ್ಟು ಸಣ್ಣ ನಿಕ್ರೋಮ್ ತಂತಿ.

ಕುಳ್ಳನ್ನು ಕುಟ್ಟಿ, ಜರಡಿ ಹಿಡಿದು, ಒಂದು ಗ್ರಾಂ ತೂಗಿ ಗುಳಿಗೆ ಒತ್ತಿದರು. ಡಬ್ಬಿಯೊಳಗೆ ವಾತಾವರಣದ ಒತ್ತಡದ 25 ಪಟ್ಟು ಆಮ್ಲಜನಕ ತುಂಬಿ, ಅದನ್ನು ಎರಡು ಲೀಟರ್ ನೀರಿನಲ್ಲಿ ಮುಳುಗಿಸಿದರು. ಗುಂಡಿ ಒತ್ತಿದಾಗ ಸದ್ದೇ ಇಲ್ಲ. ನನಗೆ ನಿರಾಸೆ. ಅರೆಗಳಿಗೆಯಲ್ಲಿ ಥರ್ಮಾಮೀಟರಿನ ಪಾದರಸ ಏರತೊಡಗಿತು. ನೂರರಲ್ಲೊಂದು ಡಿಗ್ರಿಯನ್ನೂ ತೋರಿಸುವ ಆ ಗೀಟುಗಳ ಮೇಲೆ ಅದು ಹತ್ತುವುದನ್ನು ನೋಡುವುದೇ ಒಂದು ರೋಮಾಂಚನ.

ಮೊದಲು ಬೆಂಜೋಯಿಕ್ ಆಮ್ಲ ಸುಟ್ಟು ಉಪಕರಣವನ್ನು ಪಳಗಿಸಿಕೊಂಡಿದ್ದರು. ಅದರ ಒಂದು ಗ್ರಾಂ 26.4 ಕಿಲೋಜೌಲ್ ಶಾಖ ಕೊಡುತ್ತದೆಂಬುದು ಜಗತ್ತೇ ಒಪ್ಪಿದ ಅಳತೆ. ಅದು ನೀರನ್ನು ಎಷ್ಟು ಬಿಸಿ ಮಾಡಿತೆಂದು ನೋಡಿದರೆ ಉಪಕರಣದ ಲೆಕ್ಕ ಸಿಗುತ್ತದೆ: ಇಲ್ಲಿ ಡಿಗ್ರಿಗೆ ಹೆಚ್ಚುಕಡಿಮೆ 10 ಕಿಲೋಜೌಲ್. ಇದರ ಮೂಲಪುರುಷ 19ನೇ ಶತಮಾನದ ಫ್ರೆಂಚ್ ವಿಜ್ಞಾನಿ ಮಾರ್ಸೆಲಿನ್ ಬರ್ತೆಲೊ. ಅದಕ್ಕೂ ನೂರು ವರ್ಷ ಮುಂಚೆ ಲವಾಸಿಯೆ ಮತ್ತು ಲಾಪ್ಲಾಸ್ ಕರಗಿದ ಮಂಜುಗಡ್ಡೆಯನ್ನು ತೂಗಿ ಶಾಖ ಅಳೆದಿದ್ದರು.

ಎನ್‌ಸಿಇಆರ್‌ಟಿಯ ಎಂಟನೇ ತರಗತಿಯ ‘ದಹನ ಮತ್ತು ಜ್ವಾಲೆ’ ಪಾಠವನ್ನು ಮಕ್ಕಳು ಎಷ್ಟೋ ವರ್ಷ ಓದಿದರು. ಅದರ ಪಟ್ಟಿಯಲ್ಲಿ ಕುಳ್ಳಿನ ಉಷ್ಣಮೌಲ್ಯ ಕಿಲೋಗೆ 6,000ದಿಂದ 8,000 ಕಿಲೋಜೌಲ್, ಕಟ್ಟಿಗೆಗೆ 17,000ದಿಂದ 22,000. ಪುಸ್ತಕದ ಪ್ರಕಾರ ನಮ್ಮ ಪಾದರಸ 0.8 ಡಿಗ್ರಿಗೆ ನಿಲ್ಲಬೇಕಿತ್ತು. ಅದು ಒಂದು ಡಿಗ್ರಿ ದಾಟಿ ಹೋಯಿತು! ಮಾಸ್ತರರಿಗೆ ಅಚ್ಚರಿಯಿಲ್ಲ. ಚೆನ್ನಾಗಿ ಒಣಗಿದ ಕುಳ್ಳು 12,000 ಮೀರುವುದು ಸಾಮಾನ್ಯವಂತೆ. ಬೂದಿ ಹೆಚ್ಚು, ಅದಕ್ಕೇ ಕಟ್ಟಿಗೆಗಿಂತ ಕಡಿಮೆ. ನೂರಕ್ಕೆ ನಲವತ್ತು ಪಾಲು ನೀರಿರುವ ಕುಳ್ಳಾದರೆ ಲೆಕ್ಕ 7,000ದ ಆಸುಪಾಸಿಗೆ ಇಳಿಯುತ್ತದೆ. ಪುಸ್ತಕದವರ ಕುಳ್ಳು ಮಳೆಗಾಲದ್ದಿರಬೇಕು.

ಆ ಪಟ್ಟಿಯನ್ನು ನಾನು ಸುಲಭಕ್ಕೆ ಬಿಡಲಾರೆ. ಅದರಲ್ಲಿ ಮೀಥೇನ್‌ಗೆ 50,000, ಎಲ್‌ಪಿಜಿಗೆ 55,000. ಇಂಧನದಲ್ಲಿರುವ ಹೈಡ್ರೋಜನ್ ಉರಿದರೆ ನೀರಾವಿ ಹುಟ್ಟುತ್ತದೆ. ಬಾಂಬಿನೊಳಗೆ ಅದು ಮತ್ತೆ ನೀರಾಗಿ, ತನ್ನ ಶಾಖವನ್ನು ಒಪ್ಪಿಸುತ್ತದೆ. ಒಲೆಯಲ್ಲಾದರೆ ಹೊಗೆಯೊಂದಿಗೆ ಹಾರಿಹೋಗುತ್ತದೆ. ಹಾಗಾಗಿ ಮೀಥೇನ್‌ಗೆ ಎರಡು ಅಂಕಿ: ಒಟ್ಟು 55,500, ನಿವ್ವಳ 50,000. ಎಲ್‌ಪಿಜಿಯಲ್ಲಿರುವ ಪ್ರೊಪೇನ್, ಬ್ಯೂಟೇನ್‌ಗಳಿಗೆ ಒಟ್ಟು ಲೆಕ್ಕದಲ್ಲೂ 50,000ದ ಹತ್ತಿರವೇ. 55,000 ಎಲ್ಲಿಂದ ಬಂತು? ಸಿಲಿಂಡರಿಗೆ ಈ ಧಾರಾಳ, ಕುಳ್ಳಿಗೆ ಆ ಜಿಪುಣತನ. ಸಗಣಿಯ ಬೂದಿಯನ್ನು ವಿಭೂತಿಯೆಂದು ಹಣೆಗೆ ಹಚ್ಚುವ ನಾಡಿನವನಿಗೆ ಇದು ಸಹಿಸಲಾಗದ ಅನ್ಯಾಯ.

ಆದರೆ ಬಾಂಬ್ ಹೇಳುವುದು ಎಷ್ಟು ಶಾಖವೆಂದು ಮಾತ್ರ. ಹೇಗೆ ಬರುತ್ತದೆಂದು ಹೇಳುವುದಿಲ್ಲ. ಅದನ್ನು ಕೇಳಬೇಕಾದದ್ದು ಮಾಸ್ತರರ ತಾಯಿಯನ್ನು. “ಹತ್ತಿ ಕಟಗಿ ಭರ್ರ ಅಂತ ಉರಿತೈತಿ, ರೊಟ್ಟಿಗೆ ಛಲೋ. ಹಾಲು ಕೆನಿಗಟ್ಟಬೇಕಂದ್ರ ಕುಳ್ಳಿನ ಕೆಂಡನ ಬೇಕಪಾ” ಎಂದರು. ಹತ್ತಿ ಕಟಗಿ, ಶೇಂಗಾ ಹೊಟ್ಟು, ಪೀಕಜಾಲಿ ಎಲ್ಲವೂ ಒಣಗಿದ್ದರೆ ತೂಕಕ್ಕೆ ತೂಕ ಹೆಚ್ಚುಕಡಿಮೆ ಒಂದೇ ಶಾಖ ಕೊಡುವ ಸರಕು. ಬೇರೆಯಾಗುವುದು ಉರಿಯುವ ವೇಗ, ಉಳಿಯುವ ಬೂದಿ, ಒಳಗಿನ ನೀರು. ಆ ಅಜ್ಜಿಯ ವಿಂಗಡಣೆಗೆ ಯಾವ ಪಟ್ಟಿಯಲ್ಲೂ ಕಾಲಂ ಇಲ್ಲ.

ಒಲೆಯದ್ದು ಇನ್ನೊಂದು ಕಥೆ. ಮೂರು ಕಲ್ಲಿನ ಒಲೆಯಲ್ಲಿ ಪಾತ್ರೆಗೆ ತಲುಪುವುದು ಶಾಖದ ಹತ್ತರಲ್ಲೊಂದು ಪಾಲು. ಗ್ಯಾಸ್ ಒಲೆಗೆ ಭಾರತೀಯ ಮಾನಕ ಕೇಳುವುದು ಕನಿಷ್ಠ 68 ಪ್ರತಿಶತ. ಲೆಕ್ಕ ಹಾಕಿದರೆ 14.2 ಕಿಲೋದ ಒಂದು ಸಿಲಿಂಡರಿನ ಕೆಲಸಕ್ಕೆ ಎರಡೂಮುಕ್ಕಾಲು ಕ್ವಿಂಟಲ್ ಕಟ್ಟಿಗೆ ಬೇಕು. ಈ ಸೋರಿಕೆ ತಡೆಯಲೆಂದೇ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ ಮೂರು ಪಾತ್ರೆಯ ಅಸ್ತ್ರ ಒಲೆಯನ್ನು ರೂಪಿಸಿತು. ಮುಂಡರಗಿ ಸೀಮೆಯ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾದ ಮೇಲೆ ಅಲ್ಲಿನ ಸೌದೆಯ ಮಾತು ಮೊದಲಿನಷ್ಟು ಸಲೀಸಲ್ಲ. ಒಲೆಯ ಮಾತನ್ನು ಮತ್ತೆ ಎತ್ತಬೇಕಾದ ಹೊತ್ತು ಇದು.

ನೀರಿನ ಲೆಕ್ಕ ಚೆನ್ನಾಗಿ ಗೊತ್ತಿರುವವರು ಸಕ್ಕರೆ ಕಾರ್ಖಾನೆಯವರು. ಮುಂಡರಗಿ ತಾಲ್ಲೂಕಿನ ಗಂಗಾಪುರದಲ್ಲೂ ಒಂದಿದೆ. ಗಾಣದಿಂದ ಬಂದ ಕಬ್ಬಿನ ಸಿಪ್ಪೆಯಲ್ಲಿ ಅರ್ಧ ನೀರು; ಪೂರ್ತಿ ಒಣಗಿದರೆ ಕಿಲೋಗೆ 19,000 ಕಿಲೋಜೌಲ್ ಕೊಡುವುದು ಹಸಿಯಾಗಿದ್ದರೆ 9,500ಕ್ಕೆ ಇಳಿಯುತ್ತದೆ, ಅದರಲ್ಲೂ ಒಂದಿಷ್ಟು ನೀರನ್ನು ಆವಿ ಮಾಡಲಿಕ್ಕೇ ಖರ್ಚು. ದೇಶದ ಕಲ್ಲಿದ್ದಲಿಗೂ 2012ರಿಂದ ಒಟ್ಟು ಉಷ್ಣಮೌಲ್ಯದ ಮೇಲೆ ಜಿ1ರಿಂದ ಜಿ17ರವರೆಗೆ ದರ್ಜೆ ಕೊಟ್ಟು ಬೆಲೆ ಕಟ್ಟುತ್ತಾರೆ. ತೂಕದ ಮೇಲೆ ಹಸಿ ಜಾಲಿ ಕೊಳ್ಳುವ ನಾವು ಮಾತ್ರ ಅದರೊಳಗಿನ ನೀರಿಗೂ ಕಟ್ಟಿಗೆಯ ದರವನ್ನೇ ಕೊಟ್ಟು ಬರುತ್ತೇವೆ.