ಒಂದೇ ಅಚ್ಚಿನ ಒಡಹುಟ್ಟುಗಳು

ಆಷಾಢದಲ್ಲಿ ಚಾಮರಾಜೇಶ್ವರನ ತೇರು ಎಳೆಯುವ ದಿನ ಚಾಮರಾಜನಗರದ ಬೀದಿಗಳಲ್ಲಿ ನವದಂಪತಿಗಳ ಸಾಲು; ಆಟಿಕೆ ಅಂಗಡಿಗಳ ಮುಂದೆ ಕದಲದೆ ನಿಂತ ಮಕ್ಕಳು. ಅಲ್ಲಾಗಲಿ, ಗುಂಡ್ಲುಪೇಟೆಯ ಫ್ಯಾನ್ಸಿ ಸ್ಟೋರುಗಳಲ್ಲಾಗಲಿ, ಕಾರಿನಿಂದ ರೋಬೋ ಆಗುವ ಆಟಿಕೆ ಕಂಡರೆ ಬಣ್ಣ ಬೇರೆಯಾದ ಎರಡನ್ನು ಒಟ್ಟಿಗೆ ಕೈಗೆತ್ತಿಕೊಳ್ಳಿ. ಮಾಡಿದವರ ಲೆಕ್ಕಾಚಾರ ಗೊತ್ತಾಗುವುದು ಅಕ್ಕಪಕ್ಕ ಇಟ್ಟಾಗಲೇ.

ಈ ಆಟಿಕೆಯ ಹಿರಿಯರು ಜಪಾನಿನವರು. ಟಕಾರಾ ಕಂಪನಿ 1980ರಲ್ಲಿ ಡಯಾಕ್ಲೋನ್ ಎಂಬ ಸರಣಿ ಶುರುಮಾಡಿತು. ಶೋಜಿ ಕವಾಮೊರಿ, ಕೋಜಿನ್ ಓನೊ ಮುಂತಾದ ವಿನ್ಯಾಸಕಾರರು ರಸ್ತೆಯ ಮೇಲೆ ಓಡುವ ನಿಜವಾದ ಕಾರುಗಳನ್ನೇ ಮಡಚಿ ರೋಬೋ ಮಾಡಿದರು. ಅಮೆರಿಕದ ಹ್ಯಾಸ್‌ಬ್ರೊ 1984ರಲ್ಲಿ ಅವನ್ನು ಟ್ರಾನ್ಸ್‌ಫಾರ್ಮರ್ಸ್ ಹೆಸರಿನಲ್ಲಿ ಮಾರಾಟಕ್ಕಿಟ್ಟಿತು.

ನಿಸ್ಸಾನಿನ ಫೇರ್‌ಲೇಡಿ ಕಾರೊಂದರಿಂದಲೇ ಮೂವರು ಹುಟ್ಟಿದರು. ಪ್ರೌಲ್ ಕಪ್ಪು-ಬಿಳಿ ಪೊಲೀಸ್ ಕಾರು, ನೆತ್ತಿಯ ಮೇಲೆ ದೀಪದ ಪಟ್ಟಿ. ಬ್ಲೂಸ್ಟ್ರೀಕ್ ಬೆಳ್ಳಿ ಮೈಯವನು, ದೀಪವಿಲ್ಲ. 1985ರ ಸ್ಮೋಕ್‌ಸ್ಕ್ರೀನ್‌ಗೆ ರೇಸಿನ ವೇಷ: ನೀಲಿ, ಕೆಂಪು, ಬಿಳಿ, ಮೈಮೇಲೆ 38ರ ಅಂಕಿ, ಮುಂದಿನ ಬಂಪರೂ ಬೇರೆ. ಬಾಗಿಲು ರೆಕ್ಕೆಯಾಗಿ ನಿಲ್ಲುವುದು, ಬಾನೆಟ್ ಎದೆಯಾಗುವುದು ಮೂವರಲ್ಲೂ ಒಂದೇ ತೆರ. ಆದರೂ ಪ್ರೌಲ್ ಗಂಭೀರ, ಸ್ಮೋಕ್‌ಸ್ಕ್ರೀನ್ ಹುರುಪಿನವನು ಅನಿಸುತ್ತದೆ. ಬಣ್ಣವೇ ಸ್ವಭಾವ ಕೊಟ್ಟುಬಿಡುವುದು ನನಗೆ ಇಂದಿಗೂ ಬೆರಗು.

ಒಂದೇ ಅಚ್ಚಿಗೆ ಹಲವು ಬಣ್ಣ ತೊಡಿಸುವುದರ ಹಿಂದೆ ಖರ್ಚಿನ ಲೆಕ್ಕವಿದೆ. ಉಕ್ಕಿನ ಅಚ್ಚು ಕಡೆಯುವುದು ದುಬಾರಿ. ಕರಗಿದ ಪ್ಲಾಸ್ಟಿಕ್ಕಿನ ಬಣ್ಣ ಬದಲಿಸುವುದು ಅಗ್ಗ. ಹಾಗೆಂದು ಬೇಕಾದ ಭಾಗಕ್ಕೆ ಬೇಕಾದ ಬಣ್ಣ ಹಾಕಲು ಬರುವುದಿಲ್ಲ. ಪ್ಲಾಸ್ಟಿಕ್ ಅಚ್ಚಿನೊಳಗೆ ಕಾಲುವೆಗಳಲ್ಲಿ ಹರಿಯುತ್ತದೆ. ಒಂದು ಕಾಲುವೆಯ ಕವಲುಗಳಿಗೆ ಅಂಟಿದ ಭಾಗಗಳೆಲ್ಲ ಒಂದೇ ಬಣ್ಣದಲ್ಲಿ ಬರುತ್ತವೆ. ಮುಂಗೈಯೂ ಪಾದವೂ ಒಂದೇ ಕಾಲುವೆಯಲ್ಲಿದ್ದರೆ, ಮುಂಗೈ ಕೆಂಪಾದರೆ ಪಾದವೂ ಕೆಂಪೇ. ಪಾದ ಬಿಳಿ ಬೇಕೆಂದರೆ ಮೇಲೆ ಬಣ್ಣ ಬಳಿಯಬೇಕು. ಪ್ರತಿ ಬಳಿತಕ್ಕೂ ಕೂಲಿ ಉಂಟು, ಒಂದಕ್ಕೊಂದು ಉಜ್ಜುವ ಕೀಲಿನಲ್ಲಿ ಬಳಿದದ್ದು ಕಿತ್ತುಬರುತ್ತದೆ. ಹಾಗಾಗಿ ಅನುಭವಿ ವಿನ್ಯಾಸಕಾರ ಮುಂದೆ ಬರಬಹುದಾದ ಬಣ್ಣದ ವೇಷಗಳನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಯಾವ ಭಾಗ ಯಾವ ಕಾಲುವೆಗೆ ಎಂದು ಹಂಚುತ್ತಾನೆ. ಆ ಮುಂದಾಲೋಚನೆಗೆ ನಾನು ಕೈಮುಗಿಯುತ್ತೇನೆ.

ಬಳಿದ ಬಣ್ಣವೂ ಪ್ಲಾಸ್ಟಿಕ್ಕಿನೊಳಗಿನ ಬಣ್ಣವೂ ಒಂದಕ್ಕೊಂದು ಹೊಂದುವುದು ಕಷ್ಟ. ಹಳದಿ ಬಾಗಿಲಿನ ಪಕ್ಕದ ಹಳದಿ ಪಟ್ಟಿ ತುಸು ಕಿತ್ತಳೆಗೆ ತಿರುಗಿರುತ್ತದೆ. ಗುಂಡ್ಲುಪೇಟೆ ದಾರಿಯಲ್ಲಿ ಸೂರ್ಯಕಾಂತಿ ಹೊಲ ದಾಟಿ ಚೆಂಡುಹೂವಿನ ಹೊಲಕ್ಕೆ ಬಂದಾಗ ಕಣ್ಣಿಗೆ ತಾಗುತ್ತದಲ್ಲ, ಅಂಥದೇ ವ್ಯತ್ಯಾಸ. ಆಟಿಕೆಯನ್ನು ಬಿಸಿಲಿಗೆ ಹಿಡಿದು ನೋಡಿ. ಟ್ಯೂಬ್‌ಲೈಟಿನ ಕೆಳಗೆ ಆ ವ್ಯತ್ಯಾಸ ಮರೆಯಾಗಬಹುದು.

ಜಾತ್ರೆಯ ಅಗ್ಗದ ಪ್ರತಿಗಳಲ್ಲಿ ಬಳಿತ ಕಡಿಮೆ, ಸ್ಟಿಕ್ಕರ್ ಹೆಚ್ಚು. ನಕಲಿನ ಕಾಟ ಹಳೆಯದೇ: 1985ರಿಂದ ಟ್ರಾನ್ಸ್‌ಫಾರ್ಮರ್ಸ್ ಆಟಿಕೆಗಳ ಮೇಲೆ ಬೆರಳಿನ ಬಿಸಿಗೆ ಲಾಂಛನ ಮೂಡುವ ಸ್ಟಿಕ್ಕರ್ ಬಂತು. ಉಜ್ಜಿದರೆ ವೀರನ ಪಕ್ಷ ಯಾವುದೆಂದು ಗೊತ್ತಾಗುತ್ತಿತ್ತು, ಆಟಿಕೆ ಅಸಲಿ ಎಂಬುದೂ ಖಾತ್ರಿಯಾಗುತ್ತಿತ್ತು. ಆದರೂ ಅಗ್ಗದ್ದನ್ನು ಹಳಿಯಲಾರೆ. ಕೀಲು ಬಿಗಿಯಾಗಿ ಕೂತು, ಕಾರಾದಾಗ ನಾಲ್ಕು ಚಕ್ರವೂ ನೆಲ ಮುಟ್ಟಿದರೆ ಅದೂ ಒಳ್ಳೆಯ ಕೆಲಸವೇ.

ಬಣ್ಣವೊಂದನ್ನೇ ನಂಬಿದರೆ ಮೋಸಹೋಗಬಹುದು. 1984ರಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್ ರೂಪದ ಬಂಬಲ್‌ಬೀ ಹಳದಿಯಲ್ಲೂ ಬಂತು, ಕೆಂಪಿನಲ್ಲೂ ಬಂತು. ಅವನ ಜೊತೆಗಾರ ಕ್ಲಿಫ್‌ಜಂಪರ್ ಕೆಂಪಿನಲ್ಲೂ ಬಂದ, ಹಳದಿಯಲ್ಲೂ ಬಂದ. ಇವರ ನಡುವೆ ಕ್ಲಿಫ್‌ಜಂಪರ್‌ನ ಪೊಟ್ಟಣದಲ್ಲೇ ಬೇರೆ ಅಚ್ಚಿನ ಹಳದಿ ಕಾರೊಂದೂ ಮಾರಾಟವಾಯಿತು. ಕಂಪನಿ ಅದಕ್ಕೆ ಹೆಸರನ್ನೇ ಇಟ್ಟಿರಲಿಲ್ಲ; ಸಂಗ್ರಾಹಕರು ಎರಡೂ ಹೆಸರು ಕೂಡಿಸಿ ಬಂಬಲ್‌ಜಂಪರ್ ಎಂದರು. ಹಳದಿ ಬಂಬಲ್‌ಬೀಯಿಂದ ಅದನ್ನು ಬೇರೆಯಾಗಿ ಗುರುತಿಸಬೇಕಾದರೆ ಬಣ್ಣ ಬಿಟ್ಟು ಕಾರಿನ ಆಕಾರ ನೋಡಬೇಕು: ಬೀಟಲಿನ ಗುಂಡುಬೆನ್ನು ಅದಕ್ಕಿಲ್ಲ.