ಶೀತಕ ಬದಲಾದರೆ ವಿದ್ಯುತ್ ಉಳಿದೀತೆ?

ನಿಮ್ಮ ಮನೆಯ ರೆಫ್ರಿಜರೇಟರಿಗೆ ಅಂಟಿಸಿರುವ ವಿವರಪಟ್ಟಿಯನ್ನು ಒಮ್ಮೆ ನೋಡಿ. ಹಳೆಯದಾದರೆ ‘ಆರ್-134ಎ’, ಇತ್ತೀಚಿನದಾದರೆ ‘ಆರ್-600ಎ’ ಎಂದಿರುವುದು ಸಾಮಾನ್ಯ. ಇವು ಶೀತಕಗಳ ಹೆಸರುಗಳು. ಪೆಟ್ಟಿಗೆಯೊಳಗೆ ಆವಿಯಾಗುತ್ತ ಶಾಖವನ್ನು ಹೀರಿ, ಹೊರಗಿನ ಕೊಳವೆಯಲ್ಲಿ ದ್ರವವಾಗುತ್ತ ಅದನ್ನು ಬಿಟ್ಟುಕೊಡುವ ವಸ್ತುವೇ ಶೀತಕ.

ಆರ್-134ಎ ಓಜೋನ್ ಪದರಕ್ಕೆ ಹಾನಿ ಮಾಡದು. ಆದರೆ ಅದರ 1 ಕಿಗ್ರಾಂ, 100 ವರ್ಷಗಳ ಅವಧಿಯಲ್ಲಿ, ಸುಮಾರು 1,400 ಕಿಗ್ರಾಂ ಕಾರ್ಬನ್ ಡೈಆಕ್ಸೈಡಿನಷ್ಟು ಭೂಮಿಯನ್ನು ಕಾಯಿಸುತ್ತದೆ. ಇಂಥವುಗಳ ಬಳಕೆಯನ್ನು ತಗ್ಗಿಸುವ ಕಿಗಾಲಿ ತಿದ್ದುಪಡಿಗೆ 2016ರಲ್ಲಿ ರಾಷ್ಟ್ರಗಳು ಒಪ್ಪಿದವು. ಭಾರತ 2021ರಲ್ಲಿ ಅನುಮೋದಿಸಿತು.

ಈಗ ಒಂದು ಲೆಕ್ಕ ಮಾಡೋಣ. ರೆಫ್ರಿಜರೇಟರಿನಲ್ಲಿ 100 ಗ್ರಾಂ ಆರ್-134ಎ ಇದೆಯೆನ್ನಿ. ಅಷ್ಟೂ ಸೋರಿದರೆ 140 ಕಿಗ್ರಾಂ ಕಾರ್ಬನ್ ಡೈಆಕ್ಸೈಡಿಗೆ ಸಮ. ಅದೇ ಯಂತ್ರ ವರ್ಷಕ್ಕೆ 200 ಯೂನಿಟ್ ವಿದ್ಯುತ್ ಬಳಸಿದರೆ? ಕಲ್ಲಿದ್ದಲನ್ನೇ ಹೆಚ್ಚಾಗಿ ಅವಲಂಬಿಸಿರುವ ನಮ್ಮ ದೇಶದಲ್ಲಿ ಯೂನಿಟ್ಟಿಗೆ ಸುಮಾರು 0.7 ಕಿಗ್ರಾಂನಂತೆ, ಅದೂ 140 ಕಿಗ್ರಾಂ! ಸೋರಿಕೆ ಒಮ್ಮೆ ಮಾತ್ರ. ವಿದ್ಯುತ್ತಿನದು ಪ್ರತಿ ವರ್ಷ. ಹೊಸ ಶೀತಕದಿಂದ ವಿದ್ಯುತ್ ಬಳಕೆ ಶೇಕಡ 10ರಷ್ಟು ಏರಿತೆನ್ನಿ. ಹತ್ತೇ ವರ್ಷಗಳಲ್ಲಿ ಬದಲಾವಣೆಯ ಲಾಭವೆಲ್ಲ ಕರಗಿಹೋಗುತ್ತದೆ.

ಕಾರ್ಬನ್ ಡೈಆಕ್ಸೈಡನ್ನೇ ಶೀತಕವಾಗಿ ಬಳಸಬಹುದು. ಬೆಂಕಿಯ ಭಯವಿಲ್ಲ, ಬೆಲೆಯೂ ಕಡಿಮೆ. ತೊಡಕಿರುವುದು ಅದರ ಕ್ರಾಂತಿಕ ಉಷ್ಣತೆಯಲ್ಲಿ: ಕೇವಲ 31 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಬಿಸಿಯಾದ ಅನಿಲವನ್ನು ಎಷ್ಟೇ ಒತ್ತಿದರೂ ದ್ರವವಾಗದು. ಕಲಬುರಗಿಯ 42 ಡಿಗ್ರಿ ಬೇಸಿಗೆಯಲ್ಲಿ ಹೊರಗಿನ ಗಾಳಿಯಿಂದ ಅದನ್ನು ದ್ರವೀಕರಿಸಲಾಗದು. ಅನಿಲವಾಗಿಯೇ ತಂಪುಗೊಳಿಸಬೇಕು, ಒತ್ತಡ ವಾಯುಮಂಡಲದ ನೂರು ಪಟ್ಟಿನ ಆಸುಪಾಸಿಗೆ ಏರುತ್ತದೆ, ಸಂಪೀಡಕದ ಕೆಲಸವೂ ಹೆಚ್ಚುತ್ತದೆ. ಯುರೋಪಿನ ಚಳಿ ಪ್ರದೇಶದ ಅಂಗಡಿಗಳಲ್ಲಿ ಚೆನ್ನಾಗಿ ದುಡಿಯುವ ಸರಳ ವ್ಯವಸ್ಥೆ ಇಲ್ಲಿ ಏದುಸಿರು ಬಿಡುವುದು ಇದಕ್ಕೇ.

ಆರ್-600ಎ ಎಂದರೆ ಐಸೋಬ್ಯೂಟೇನ್, ಅಡುಗೆ ಅನಿಲದ ಹತ್ತಿರದ ನೆಂಟ. ಕ್ರಾಂತಿಕ ಉಷ್ಣತೆ ಸುಮಾರು 135 ಡಿಗ್ರಿ. ನಮ್ಮ ಸೆಕೆ ಅದಕ್ಕೊಂದು ಲೆಕ್ಕವೇ ಅಲ್ಲ. ಜರ್ಮನಿಯಲ್ಲಿ 1990ರ ದಶಕದಲ್ಲೇ ಮನೆಬಳಕೆಗೆ ಬಂತು. ಅದಕ್ಕೆಂದೇ ರೂಪಿಸಿದ ಯಂತ್ರದಲ್ಲಿ ದಕ್ಷತೆ ಆರ್-134ಎಗೆ ಸಮ ಅಥವಾ ತುಸು ಮೇಲು. ‘ಅದಕ್ಕೆಂದೇ ರೂಪಿಸಿದ’ ಎಂಬುದನ್ನು ಗಮನಿಸಿ. ಇದರ ಆವಿಯ ಸಾಂದ್ರತೆ ಕಡಿಮೆಯಾದ್ದರಿಂದ ದೊಡ್ಡ ಸಂಪೀಡಕ ಬೇಕು. ಹಳೆಯ ಯಂತ್ರಕ್ಕೆ ಇದನ್ನು ತುಂಬಿಸಿದರೆ ತಂಪು ಸಾಲದು. ಹೊತ್ತಿಕೊಳ್ಳುವ ಅನಿಲವಾದ್ದರಿಂದ ಅಪಾಯವೂ ಹೌದು.

ಶೀತಕ ಯಾವುದೇ ಇರಲಿ, ಕಾರ್ನೋ ಹಾಕಿದ ಮಿತಿಯನ್ನು ದಾಟಲಾರದು. ಒಳಗೆ -25 ಡಿಗ್ರಿ (248 ಕೆಲ್ವಿನ್), ಹೊರಗಿನ ಕೊಳವೆ 45 ಡಿಗ್ರಿ (318 ಕೆಲ್ವಿನ್) ಇದ್ದರೆ ಆದರ್ಶ ಯಂತ್ರದ ಕಾರ್ಯಗುಣಾಂಕ 248/70, ಅಂದರೆ 3.5. ರೆಫ್ರಿಜರೇಟರನ್ನು ಗೋಡೆಗೆ ಒತ್ತರಿಸಿಟ್ಟು ಗಾಳಿಯಾಡದೆ ಆ ಕೊಳವೆ 55 ಡಿಗ್ರಿಗೆ ಏರಿದರೆ 248/80, ಅಂದರೆ 3.1. ಅಷ್ಟೇ ತಂಪಿಗೆ ಏಳನೇ ಒಂದು ಭಾಗದಷ್ಟು ಹೆಚ್ಚು ವಿದ್ಯುತ್.