ಥೈರಾಯ್ಡ್ ಸ್ವಪ್ರತಿಕಾಯಗಳು ಮತ್ತು ಕಣ್ಣಿನ ಕಾಯಿಲೆ

ದೇಹದ ರೋಗನಿರೋಧಕ ವ್ಯವಸ್ಥೆಯು ತನ್ನದೇ ಥೈರಾಯ್ಡ್ ಗ್ರಂಥಿಯ ಅಂಶಗಳನ್ನು ಪರಕೀಯವೆಂದು ಭಾವಿಸಿ, ಅವುಗಳ ವಿರುದ್ಧ ಉತ್ಪಾದಿಸುವ ಪ್ರೋಟೀನುಗಳನ್ನು ಥೈರಾಯ್ಡ್ ಸ್ವಪ್ರತಿಕಾಯಗಳು ಎನ್ನುತ್ತಾರೆ. ಇವುಗಳಲ್ಲಿ ಒಂದು ಬಗೆಯು ಥೈರಾಯ್ಡ್ ಸಂಬಂಧಿ ಕಣ್ಣಿನ ಕಾಯಿಲೆಯೊಂದಿಗೆ ನಿಕಟ ಸಂಬಂಧ ಹೊಂದಿದೆ. ಈ ಕಾಯಿಲೆಯು ಹೆಚ್ಚಾಗಿ ಗ್ರೇವ್ಸ್ ರೋಗ ಇರುವವರಲ್ಲಿ ಕಂಡುಬರುತ್ತದೆ.

ಇತಿಹಾಸ

ಗಳಗಂಡ, ತೀವ್ರ ಎದೆಬಡಿತ ಮತ್ತು ಮುಂಚಾಚಿದ ಕಣ್ಣುಗಳು ಒಟ್ಟಿಗೆ ಕಾಣಿಸಿಕೊಳ್ಳುವುದನ್ನು ಡಬ್ಲಿನ್ ನಗರದ ವೈದ್ಯ ರಾಬರ್ಟ್ ಜೇಮ್ಸ್ ಗ್ರೇವ್ಸ್ 1835ರಲ್ಲಿಯೂ ಜರ್ಮನಿಯ ಕಾರ್ಲ್ ಫಾನ್ ಬೇಸೆಡೋ 1840ರಲ್ಲಿಯೂ ವರ್ಣಿಸಿದರು. 1956ರಲ್ಲಿ ನ್ಯೂಜಿಲೆಂಡಿನ ಆಡಮ್ಸ್ ಮತ್ತು ಪರ್ವಿಸ್, ಥೈರಾಯ್ಡನ್ನು ದೀರ್ಘಕಾಲ ಪ್ರಚೋದಿಸುವ ಅಂಶವೊಂದು ಇಂತಹ ರೋಗಿಗಳ ರಕ್ತದಲ್ಲಿರುವುದನ್ನು ತೋರಿಸಿದರು. ಅದು ಪ್ರತಿಕಾಯವೆಂಬುದು ಅನಂತರ ತಿಳಿದುಬಂದಿತು.

ವಿಧಗಳು

ಟಿಪಿಒ ಪ್ರತಿಕಾಯ ಮತ್ತು ಥೈರೋಗ್ಲಾಬ್ಯುಲಿನ್ ಪ್ರತಿಕಾಯಗಳು ಹಾಶಿಮೊಟೊ ರೋಗದಲ್ಲಿ ಸಾಮಾನ್ಯ. ಆರೋಗ್ಯವಂತರಲ್ಲಿಯೂ ಕೆಲವರ ರಕ್ತದಲ್ಲಿ ಇವು ಇರುತ್ತವೆ. ಇವುಗಳ ಮಟ್ಟ ಹೆಚ್ಚಿದ್ದ ಮಾತ್ರಕ್ಕೆ ಕಣ್ಣಿಗೆ ಅಪಾಯವಿದೆ ಎಂದು ಹೇಳಲಾಗದು. ಮೂರನೆಯದು ಟಿಎಸ್‌ಎಚ್ ಗ್ರಾಹಕ ಪ್ರತಿಕಾಯ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಬರುವ ಟಿಎಸ್‌ಎಚ್ ಹಾರ್ಮೋನು ಥೈರಾಯ್ಡಿಗೆ ಆಜ್ಞೆ ನೀಡುವುದು ಈ ಗ್ರಾಹಕದ ಮೂಲಕ. ಗ್ರೇವ್ಸ್ ರೋಗದಲ್ಲಿ ಪ್ರತಿಕಾಯವು ಅದೇ ಗ್ರಾಹಕಕ್ಕೆ ಅಂಟಿಕೊಂಡು, ಗ್ರಂಥಿಯು ಅತಿಯಾಗಿ ಹಾರ್ಮೋನು ಸ್ರವಿಸುವಂತೆ ಮಾಡುತ್ತದೆ.

ಕಣ್ಣಿನ ಮೇಲಿನ ಪರಿಣಾಮ

ಕಣ್ಣಿನ ಗೂಡಿನಲ್ಲಿರುವ ಫೈಬ್ರೋಬ್ಲಾಸ್ಟ್ ಎಂಬ ಜೀವಕೋಶಗಳಲ್ಲಿಯೂ ಟಿಎಸ್‌ಎಚ್ ಗ್ರಾಹಕಗಳಿವೆ. ಅವು ಪ್ರಚೋದನೆಗೊಂಡಾಗ ನೀರು ಹಿಡಿದಿಡುವ ಹೈಯಲುರಾನಿಕ್ ಆಮ್ಲವು ಶೇಖರವಾಗಿ, ಕೊಬ್ಬು ಮತ್ತು ಸ್ನಾಯುಗಳು ಊದಿಕೊಳ್ಳುತ್ತವೆ. ಎಲುಬಿನ ಗೂಡು ಹಿಗ್ಗದ ಕಾರಣ ಕಣ್ಣುಗುಡ್ಡೆಯು ಮುಂದಕ್ಕೆ ತಳ್ಳಲ್ಪಡುತ್ತದೆ. ಹೀಗಾಗಿ ಹಾರ್ಮೋನು ಮಟ್ಟ ಸಹಜವಿದ್ದರೂ ಕೆಲವರಲ್ಲಿ ಕಣ್ಣಿನ ಕಾಯಿಲೆ ಕಾಣಿಸಿಕೊಳ್ಳಬಹುದು.

ಅಪಾಯದ ಅಂಶಗಳು

ಟಿಎಸ್‌ಎಚ್ ಗ್ರಾಹಕ ಪ್ರತಿಕಾಯದ ಮಟ್ಟ ಹೆಚ್ಚಿದಂತೆ ಕಣ್ಣಿನ ಕಾಯಿಲೆಯ ಸಾಧ್ಯತೆ ಹಾಗೂ ತೀವ್ರತೆ ಹೆಚ್ಚುತ್ತವೆ. ಆದರೆ ಇದು ಸಂಭವನೀಯತೆಯ ಸೂಚನೆಯೇ ಹೊರತು ನಿಶ್ಚಿತ ಭವಿಷ್ಯವಲ್ಲ. ಗ್ರೇವ್ಸ್ ರೋಗ ಇರುವ ಬಹುಪಾಲು ಜನರಿಗೆ ದೃಷ್ಟಿಗೆ ಕುತ್ತು ತರುವಂತಹ ತೊಂದರೆ ಆಗುವುದಿಲ್ಲ. ರೋಗಿಯು ತಾನೇ ನಿವಾರಿಸಿಕೊಳ್ಳಬಹುದಾದ ಅತಿ ಮುಖ್ಯ ಅಪಾಯವೆಂದರೆ ಧೂಮಪಾನ. ಅದು ಕಾಯಿಲೆಯನ್ನು ಉಲ್ಬಣಗೊಳಿಸುವುದಲ್ಲದೆ ಚಿಕಿತ್ಸೆಯ ಫಲವನ್ನೂ ಕುಗ್ಗಿಸುತ್ತದೆ. ವಿಕಿರಣಶೀಲ ಅಯೋಡಿನ್ ಚಿಕಿತ್ಸೆಯ ನಂತರ ಕೆಲವರಲ್ಲಿ ಕಣ್ಣಿನ ಸ್ಥಿತಿ ಹದಗೆಡಬಹುದು. ಆದ್ದರಿಂದ ಆ ಚಿಕಿತ್ಸೆಗೆ ಮೊದಲು ಕಣ್ಣುಗಳನ್ನು ಪರೀಕ್ಷಿಸುವುದು ಅಗತ್ಯ.

ಲಕ್ಷಣಗಳು ಮತ್ತು ಚಿಕಿತ್ಸೆ

ಕಣ್ಣು ಕೆಂಪಾಗುವುದು, ಮರಳು ಬಿದ್ದಂತಹ ಕಿರಿಕಿರಿ, ರೆಪ್ಪೆಗಳ ಊತ, ಒಂದು ವಸ್ತು ಎರಡಾಗಿ ಕಾಣುವುದು ಸಾಮಾನ್ಯ ಲಕ್ಷಣಗಳು. ಬಣ್ಣಗಳು ಮಂಕಾಗಿ ಕಂಡರೆ ಅಥವಾ ದೃಷ್ಟಿ ಕುಂದಿದರೆ ದೃಷ್ಟಿನರದ ಮೇಲೆ ಒತ್ತಡ ಬಿದ್ದಿರಬಹುದು. ಆಗ ವಿಳಂಬವಿಲ್ಲದೆ ನೇತ್ರವೈದ್ಯರನ್ನು ಕಾಣಬೇಕು. ಸೌಮ್ಯ ಸ್ಥಿತಿಯಲ್ಲಿ ಕೃತಕ ಕಣ್ಣೀರಿನ ಹನಿಗಳು ಮತ್ತು ಥೈರಾಯ್ಡ್ ಮಟ್ಟದ ನಿಯಂತ್ರಣ ಸಾಕಾಗಬಹುದು. ಉರಿಯೂತ ತೀವ್ರವಾಗಿದ್ದರೆ ರಕ್ತನಾಳದ ಮೂಲಕ ಸ್ಟೀರಾಯ್ಡ್ ನೀಡಲಾಗುತ್ತದೆ. ಟೆಪ್ರೊಟುಮುಮ್ಯಾಬ್ ಎಂಬ ಔಷಧಿಗೆ 2020ರಲ್ಲಿ ಅಮೆರಿಕದಲ್ಲಿ ಅನುಮೋದನೆ ದೊರೆಯಿತು. ಕೆಲವರಿಗೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.